ಕಪಾಟಿನಲ್ಲಿಟ್ಟ ರೈಲು ಕಲಿಸುವುದಿಲ್ಲ

ಈ ವರ್ಷದ ಬೋಧನಾಭ್ಯಾಸದಲ್ಲಿ ನನಗೊಂದು ಒಳ್ಳೆಯ ಷರಾ ಸಿಕ್ಕಿತು. ಅದಕ್ಕೆ ನಾನು ಅರ್ಹಳಾಗಿರಲಿಲ್ಲ. ಆ ವಿಷಯವನ್ನು ನಮ್ಮ ಪತ್ರಿಕೆಯಲ್ಲೇ ಬರೆಯುವುದು ಸರಿ ಎನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹರಿಹರದ ಪ್ರೌಢಶಾಲೆಯೊಂದರಲ್ಲಿ 9ನೇ ತರಗತಿಗೆ ‘ಕೆಲಸ ಮತ್ತು ಶಕ್ತಿ’ ಘಟಕ ತೆಗೆದುಕೊಂಡಿದ್ದೆ. ಕಲಿಕೋಪಕರಣವಾಗಿ ನಾನೇ ಕಟ್ಟಿದ ರೈಲುಮಾದರಿ ಇತ್ತು: ಉಗಿಬಂಡಿಯ ಕಾಲದ ದಾವಣಗೆರೆ ನಿಲ್ದಾಣ, ಹರಿಹರ ನಿಲ್ದಾಣ, ಅದರಾಚೆ ತುಂಗಭದ್ರೆಯ ಸೇತುವೆ. ವೀಕ್ಷಣಾ ಪಾಠದ ದಿನ ಗಾಡಿ ದಾವಣಗೆರೆಯಿಂದ ಹೊರಟು ಹಲಗೆಯ ನಡುವೆ ನಿಂತುಬಿಟ್ಟಿತು. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಪೆನ್ನು ಹಿಡಿದು ಕೂತಿದ್ದರು. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಅಲ್ಲಿ ಪಟ್ಟಿ ಮ್ಯಾಲೆದ್ದೈತ್ರಿ” ಎಂದಳು. ನಾನು, “ಆಮೇಲೆ ನೋಡೋಣ, ಕೂತ್ಕೊಮ್ಮ” ಎಂದು ಎಂಜಿನ್ನನ್ನು ಬೆರಳಿನಿಂದ ನೂಕಿದೆ. ಅದು ಮುಂದಿನ ಹಲಗೆಗೆ ದಾಟಿ ಮತ್ತೆ ಓಡಿತು. ಪಾಠ 40 ನಿಮಿಷಕ್ಕೆ ಸರಿಯಾಗಿ ಮುಗಿಯಿತು. ನನ್ನ ಪಾಠಯೋಜನೆಯ ಪುಸ್ತಕದಲ್ಲಿ ‘ಕಲಿಕೋಪಕರಣ ಆಕರ್ಷಕ, ಸಮಯಪಾಲನೆ ಉತ್ತಮ’ ಎಂಬ ಷರಾ ಬಂತು.

ಆ ಹುಡುಗಿ ಹೇಳಿದ್ದು ನಿಜವಾಗಿತ್ತು. ಇಡೀ ತರಗತಿಯಲ್ಲಿ ವಿಜ್ಞಾನದ ಕೆಲಸ ಮಾಡಿದ್ದು ಅವಳೊಬ್ಬಳೇ. ಅವಳನ್ನು ಕೂರಿಸಿದ್ದಕ್ಕೆ ನನಗೆ ಅಂಕ ಬಂತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಬೋಧನಾಭ್ಯಾಸದಲ್ಲಿ ನಾವು ಮಾಡುವ ಮಾದರಿಗಳು ವೀಕ್ಷಕರ ಕಣ್ಣಿಗೆಂದು ಸಿದ್ಧವಾಗುತ್ತವೆ, ಮಕ್ಕಳ ಕೈಗೆಂದು ಅಲ್ಲ. ಮಾದರಿಯನ್ನು ಮಕ್ಕಳು ಓಡಿಸಬೇಕು, ಅದು ಕೆಡಬೇಕು, ಕೆಟ್ಟಾಗ ಮಕ್ಕಳೇ ಸರಿಮಾಡಬೇಕು. ಇದಕ್ಕೆ ನಮ್ಮ ಮೌಲ್ಯಮಾಪನದಲ್ಲಿ ಜಾಗ ಬೇಕು.

ಉಗಿಬಂಡಿಯೇ ಏಕೆ?

ಸಹಪಾಠಿಗಳು ಮೊದಲು ಕೇಳಿದ ಪ್ರಶ್ನೆ ಇದು. ಬೆಂಗಳೂರು–ಧಾರವಾಡ ವಂದೇ ಭಾರತ್ 2023ರಿಂದ ದಾವಣಗೆರೆಯಲ್ಲಿ ನಿಂತು ಹೋಗುತ್ತಿದೆ. ಮಕ್ಕಳಿಗೆ ಅದೇ ಇಷ್ಟ. ಹಾಗಿರುವಾಗ ಹಳೆಯ ಹೊಗೆಬಂಡಿ ಯಾಕೆ?

ನನಗೆ ಹಳೆಯದರ ಮೋಹವೇನಿಲ್ಲ. ನಮ್ಮಜ್ಜ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು, ಪಾಳಿಗೆ ದಾವಣಗೆರೆಯಿಂದ ರೈಲಿನಲ್ಲೇ ಹೋಗಿಬರುತ್ತಿದ್ದವರು. ಉಗಿಬಂಡಿ ಎಂದರೆ ಅವರಿಗೆ ನೆನಪಾಗುವುದು ಕಣ್ಣಿಗೆ ಬೀಳುತ್ತಿದ್ದ ಕಲ್ಲಿದ್ದಲ ಕಿಡಿ, ಬಿಳಿ ಅಂಗಿಯ ಮೇಲಿನ ಮಸಿ. “ಚಂದ ಅನ್ನೋರು ಅದರಾಗೆ ಕೂತಿಲ್ಲ ಬಿಡವ್ವ” ಎನ್ನುತ್ತಾರೆ.

ನಾನು ಅದನ್ನು ಆರಿಸಿಕೊಂಡ ಕಾರಣ ಬೇರೆ. ಡೀಸೆಲ್ ಎಂಜಿನ್ನಿನಲ್ಲೂ ವಿದ್ಯುತ್ ಎಂಜಿನ್ನಿನಲ್ಲೂ ಕೆಲಸವೆಲ್ಲ ಪೆಟ್ಟಿಗೆಯೊಳಗೆ ನಡೆಯುತ್ತದೆ. ಉಗಿ ಎಂಜಿನ್ನಿನಲ್ಲಿ ಅದು ಹೊರಗೇ ಕಾಣುತ್ತದೆ. ಬೆಂಕಿ ನೀರನ್ನು ಕುದಿಸುತ್ತದೆ, ಉಗಿ ಕೊಂತವನ್ನು ತಳ್ಳುತ್ತದೆ, ಹಿಂದೆ ಮುಂದೆ ಓಡುವ ದಂಡ ಚಕ್ರವನ್ನು ತಿರುಗಿಸುತ್ತದೆ. ಶಾಖ, ಒತ್ತಡ, ಬಲ, ಚಲನೆ ಎಲ್ಲವೂ ಒಂದೇ ಸಾಲಿನಲ್ಲಿ ಕಣ್ಣಿಗೆ ಸಿಗುತ್ತವೆ. ಒಂಬತ್ತನೇ ತರಗತಿಯ ಮಗುವಿಗೆ ಶಕ್ತಿಯ ಪರಿವರ್ತನೆಯನ್ನು ತೋರಿಸಲು ಇದಕ್ಕಿಂತ ಬಿಚ್ಚುಮನಸ್ಸಿನ ಯಂತ್ರ ನನಗೆ ಗೊತ್ತಿಲ್ಲ.

ಜೊತೆಗೆ ಇದು ನಮ್ಮ ಊರಿನ ಚರಿತ್ರೆ. ಬೆಂಗಳೂರಿನಿಂದ ತುಮಕೂರಿನವರೆಗೆ 1884ರಲ್ಲಿ ಬಂದ ಮೀಟರ್‌ಗೇಜ್ ಹಳಿ 1889ರ ಹೊತ್ತಿಗೆ ಹರಿಹರ ತಲುಪಿತ್ತು. ಆಗ ತುಂಗಭದ್ರೆ ಮೈಸೂರು ಸಂಸ್ಥಾನಕ್ಕೂ ಮುಂಬಯಿ ಪ್ರಾಂತ್ಯಕ್ಕೂ ಗಡಿ. ನದಿಯಾಚೆಯ ಹುಬ್ಬಳ್ಳಿ ಕಡೆಯ ಮಾರ್ಗ ಸದರ್ನ್ ಮರಾಠಾ ರೈಲ್ವೆಯದು. ಎರಡೂ ಹರಿಹರದ ಬಳಿ ಕೂಡಿದವು. ಈ ಮಾರ್ಗ ಬ್ರಾಡ್‌ಗೇಜ್ ಆದದ್ದು 1990ರ ದಶಕದಲ್ಲಿ, ಅಂದರೆ ನಮ್ಮ ಮಕ್ಕಳ ತಂದೆತಾಯಿಗಳ ಬಾಲ್ಯದಲ್ಲಿ. ಮನೆಗೆ ಹೋಗಿ ಅಜ್ಜ ಅಜ್ಜಿಯನ್ನು ಕೇಳಿ ಬನ್ನಿ ಎಂದರೆ ಪ್ರತಿ ಮಗುವೂ ಏನಾದರೊಂದು ತರುತ್ತದೆ. ಒಬ್ಬಳು ‘ಕಿಟಕಿ ಪಕ್ಕ ಕೂತರೆ ಕೈಬೈಲಿನ ಹತ್ತಿ ಕಪ್ಪಾಗುತ್ತಿತ್ತಂತೆ’ ಎಂದು ಬರೆದು ತಂದಳು. ಅವಳಜ್ಜಿ ಹತ್ತಿ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದವರು.

ಹಲಗೆಯ ಮೇಲಿನ ಲೆಕ್ಕ

ನನ್ನ ಬಳಿ ಇದ್ದದ್ದು ಸಂಬಂಧಿಕರ ಮನೆಯ ಅಟ್ಟದಲ್ಲಿದ್ದ ಹಳೆಯ ಎಚ್.ಒ. ಸೆಟ್ಟು: ಒಂದು ಪುಟ್ಟ ಎಂಜಿನ್ನು, ಮೂರು ಡಬ್ಬಿ, 12 ವೋಲ್ಟಿನ ನಿಯಂತ್ರಕ, ಒಂದಷ್ಟು ಹಳಿಯ ತುಂಡುಗಳು. ಎಚ್.ಒ. ಎಂದರೆ ನಿಜದ ಅಳತೆಯ 87ನೇ ಒಂದು ಭಾಗ. ಹಳಿಗಳ ನಡುವಿನ ಅಂತರ 16.5 ಮಿ.ಮೀ. ಇನ್ನಷ್ಟು ನೇರ ತುಂಡುಗಳನ್ನೂ ಎರಡು ಪಾಯಿಂಟ್ಸನ್ನೂ ತರಿಸಿಕೊಂಡೆ. ನಾಲ್ಕಡಿಯ ಎರಡು ಪ್ಲೈವುಡ್ ಹಲಗೆಗಳನ್ನು ಜೋಡಿಸಿ 2.4 ಮೀಟರ್ ಉದ್ದದ ಮಾರ್ಗ ಮಾಡಿದೆ. ಎರಡು ಹಲಗೆ ಯಾಕೆಂದರೆ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಒಯ್ಯಬೇಕಿತ್ತು. ನಡುವಿನ ಆ ಜೋಡಣೆಯೇ ಮುಂದೆ ನನ್ನ ಗಾಡಿಯನ್ನು ನಿಲ್ಲಿಸಿದ್ದು.

ನಿಲ್ದಾಣಗಳನ್ನು ರಟ್ಟಿನಲ್ಲಿ, ಸೇತುವೆಯನ್ನು ಐಸ್‌ಕ್ರೀಮ್ ಕಡ್ಡಿಯಲ್ಲಿ, ನದಿಯನ್ನು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಹಾಳೆಯಲ್ಲಿ ಮಾಡಿದೆ. ದಾವಣಗೆರೆ ಬದಿಯಲ್ಲಿ ಅಶೋಕ ರಸ್ತೆಯ ಗೇಟನ್ನೂ ಇಟ್ಟೆ. ಅದಿಲ್ಲದಿದ್ದರೆ ಮಕ್ಕಳು ಅದನ್ನು ದಾವಣಗೆರೆ ಎಂದು ಒಪ್ಪುತ್ತಿರಲಿಲ್ಲ!

ನಾನು ಅಂದುಕೊಳ್ಳದ ಲೆಕ್ಕಗಳೆಲ್ಲ ಮಕ್ಕಳ ಪ್ರಶ್ನೆಗಳಿಂದ ಬಂದವು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸುಮಾರು 161 ಮೀಟರ್. ನಮ್ಮ ಶಾಲೆಯ ಮೈದಾನದ ಈ ಗೋಡೆಯಿಂದ ಆ ಗೋಡೆಗೂ ಅಷ್ಟಿಲ್ಲ. ತಿರುಗಿಸಿ ನೋಡಿದರೆ, ನಮ್ಮ 2.4 ಮೀಟರಿನ ಹಲಗೆ ನಿಜದಲ್ಲಿ ಸುಮಾರು 209 ಮೀಟರ್ ಮಾತ್ರ. “ಹಂಗಾದ್ರೆ ನಿಮ್ಮ ಹರಿಹರ ಸ್ಟೇಷನ್ನು ದಾವಣಗೆರೆ ಪ್ಲಾಟ್‌ಫಾರಮ್ಮಿನ ಮ್ಯಾಲೇ ಐತ್ರಿ ಮಿಸ್” ಎಂದು ಒಬ್ಬ ಹೇಳಿದ. ಅವನ ಮಾತು ಸರಿ.

ಇನ್ನೊಬ್ಬ, “ಮಿಸ್, ಇದು ಮೀಟರ್‌ಗೇಜಾ, ಬ್ರಾಡ್‌ಗೇಜಾ?” ಎಂದು ಕೇಳಿದ. ಅಳೆದು ನೋಡಿ ಎಂದೆ. ಕಪ್ಪುಹಲಗೆಯ ಮೇಲೆ ಅವರೇ ಲೆಕ್ಕ ಮಾಡಿದರು. ಮೀಟರ್‌ಗೇಜಿನ 1000 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ ಸುಮಾರು 11.5. ಬ್ರಾಡ್‌ಗೇಜಿನ 1676 ಮಿ.ಮೀ. ಅನ್ನು ಭಾಗಿಸಿದರೆ ಸುಮಾರು 19.3. ನಮ್ಮದು 16.5. ಹಾಗಾದರೆ ಇದು ಯಾವ ಗೇಜು? 16.5 ಅನ್ನು 87ರಿಂದ ಗುಣಿಸಿದಾಗ ಸುಮಾರು 1435 ಬಂತು. ಅದು ಯುರೋಪು ಅಮೆರಿಕಗಳ ಸ್ಟ್ಯಾಂಡರ್ಡ್ ಗೇಜ್, ನಮ್ಮಲ್ಲಿ ಬೆಂಗಳೂರಿನ ಮೆಟ್ರೊ ಓಡುವ ಗೇಜ್. ಹರಿಹರದಲ್ಲಿ ಅಂದೂ ಇಲ್ಲದ, ಇಂದೂ ಇಲ್ಲದ ಹಳಿಯನ್ನು ನಾನು ಹರಿಹರ ಎಂದು ತೋರಿಸುತ್ತಿದ್ದೆ! ಅನುಪಾತದ ಪಾಠವನ್ನು ನಾನು ಎಷ್ಟು ಯೋಜಿಸಿದ್ದರೂ ಇಷ್ಟು ಚೆನ್ನಾಗಿ ಆಗುತ್ತಿರಲಿಲ್ಲ.

ಮಾದರಿ ಹೇಳುವ ಸುಳ್ಳು

ನನ್ನ ದೊಡ್ಡ ತಪ್ಪು ಗೊತ್ತಾದದ್ದು ವೀಕ್ಷಣಾ ಪಾಠದ ಮರುದಿನ. “ಉಗಿಬಂಡಿಯ ಚಕ್ರವನ್ನು ತಿರುಗಿಸುವುದು ಯಾವುದು?” ಎಂದು ಪುನರಾವರ್ತನೆಗೆ ಕೇಳಿದೆ. ತುಸು ಹೊತ್ತು ಮೌನ. ಆಮೇಲೆ ಹಲವರು ಒಟ್ಟಿಗೆ, “ಕರೆಂಟು ಮಿಸ್” ಎಂದರು.

ಅವರ ತಪ್ಪೇನೂ ಇರಲಿಲ್ಲ. ನನ್ನ ಎಂಜಿನ್ನಿಗೆ ಹೊಗೆಗೂಡು ಇತ್ತು, ಬಾಯ್ಲರ್ ಇತ್ತು, ಪಕ್ಕದಲ್ಲಿ ಓಡಾಡುವ ದಂಡಗಳೂ ಇದ್ದವು. ಆದರೆ ಒಳಗಿದ್ದದ್ದು 12 ವೋಲ್ಟಿನ ಮೋಟಾರು. ನಿಜದ ಎಂಜಿನ್ನಿನಲ್ಲಿ ದಂಡ ಚಕ್ರವನ್ನು ತಿರುಗಿಸುತ್ತದೆ. ನನ್ನದರಲ್ಲಿ ಚಕ್ರವೇ ದಂಡವನ್ನು ಎಳೆದಾಡಿಸುತ್ತಿತ್ತು. ನಾನು ನಿಯಂತ್ರಕದ ಗುಂಡಿ ತಿರುಗಿಸಿದ್ದನ್ನು ಮಕ್ಕಳು ನೋಡಿದ್ದರು. ನನ್ನ ಮಾತಿಗಿಂತ ಅವರ ಕಣ್ಣು ನಂಬಿಕಸ್ಥ. ಶಕ್ತಿಯ ಪರಿವರ್ತನೆ ಕಲಿಸಲು ತಂದ ಉಪಕರಣ ಆ ವಿಷಯದಲ್ಲೇ ತಪ್ಪು ಕಲಿಸಿತ್ತು, ಅದೂ ‘ಆಕರ್ಷಕ’ವಾಗಿ.

ಅಂದು ಪಾಠಯೋಜನೆಯನ್ನು ಬದಿಗಿಟ್ಟು ಮಕ್ಕಳಿಗೆ ಹೇಳಿದೆ: “ಈ ಎಂಜಿನ್ನು ನಾಟಕ ಮಾಡುತ್ತಿದೆ. ಎಲ್ಲೆಲ್ಲಿ ನಾಟಕ, ಎಲ್ಲಿ ನಿಜ, ಪಟ್ಟಿ ಮಾಡೋಣ.” ಆ ಪಟ್ಟಿ ಎರಡು ಪುಟವಾಯಿತು. ಗೇಜು ಸುಳ್ಳು. ದೂರ ಸುಳ್ಳು. ಉಗಿ ಸುಳ್ಳು. ತೂಕವೂ ಸುಳ್ಳು: ನೂರು ಟನ್ನಿನ ಎಂಜಿನ್ನನ್ನು ಎಲ್ಲ ದಿಕ್ಕಿನಲ್ಲೂ 87 ಪಟ್ಟು ಕುಗ್ಗಿಸಿದರೆ ತೂಕ 87ರ ಘನದಷ್ಟು, ಎಂದರೆ ಆರೂವರೆ ಲಕ್ಷ ಪಟ್ಟಿಗೂ ಹೆಚ್ಚು ಕುಗ್ಗಿ ಸುಮಾರು 150 ಗ್ರಾಂ ಆಗುತ್ತದೆ. ಅಷ್ಟು ಹಗುರವಾದರೆ ಚಕ್ರ ಹಳಿಯ ಮೇಲೆ ಜಾರುತ್ತದೆ. ಅದಕ್ಕೇ ಆಟಿಕೆ ಎಂಜಿನ್ನಿನ ಹೊಟ್ಟೆಯಲ್ಲಿ ಲೋಹದ ತುಂಡು ಸೇರಿಸಿರುತ್ತಾರೆ. ಉದ್ದವನ್ನು ಕುಗ್ಗಿಸಿದರೆ ತೂಕ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ ಎಂಬುದು ಮಕ್ಕಳಿಗೆ ಹೊಸ ಸಂಗತಿ. ಸತ್ಯ ಹೇಳಬೇಕೆಂದರೆ, ನಾನೂ ಅದನ್ನು ಸೂತ್ರವಾಗಿ ಬಲ್ಲೆನೇ ಹೊರತು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಉಗಿಯ ಭಾಗವನ್ನು ಬೇರೆಯಾಗಿ ಕಲಿಸಿದೆ. ರಟ್ಟಿನ ಚಕ್ರ, ಸೈಕಲ್ ಕಡ್ಡಿಯ ದಂಡ, ಸೂಜಿಯಿಲ್ಲದ ಸಿರಿಂಜಿನ ಕೊಂತ. ಸಿರಿಂಜನ್ನು ಹಿಂದೆ ಮುಂದೆ ಮಾಡಿದರೆ ಚಕ್ರ ತಿರುಗಬೇಕು. ಮಕ್ಕಳು ಗುಂಪಿಗೊಂದು ಮಾಡಿದರು. ದಂಡವೂ ಚಕ್ರದ ಮಧ್ಯಬಿಂದುವೂ ಒಂದೇ ಗೆರೆಗೆ ಬಂದಾಗ ಎಷ್ಟು ತಳ್ಳಿದರೂ ಚಕ್ರ ತಿರುಗುವುದಿಲ್ಲ ಎಂದು ಎಲ್ಲ ಗುಂಪುಗಳೂ ದೂರು ತಂದವು. ಉಗಿ ಎಂಜಿನ್ನಿನ ಎರಡು ಬದಿಯ ದಂಡಗಳನ್ನು ಕಾಲು ಸುತ್ತಿನಷ್ಟು ಹಿಂದೆ ಮುಂದೆ ಮಾಡಿ ಜೋಡಿಸುವುದು ಈ ಕಾರಣಕ್ಕೇ: ಒಂದು ಬದಿ ಸಿಕ್ಕಿಕೊಂಡಾಗ ಇನ್ನೊಂದು ಬದಿ ತಳ್ಳುತ್ತದೆ.

ಆಮೇಲೆ ಸದ್ದಿನ ಲೆಕ್ಕ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಉಗಿ ಕೊಂತದ ಎರಡೂ ಬದಿಯಿಂದ ತಳ್ಳುವುದರಿಂದ ಚಕ್ರದ ಒಂದು ಸುತ್ತಿಗೆ ನಾಲ್ಕು ಬಾರಿ ‘ಝುಕ್’ ಎನ್ನುತ್ತದೆ. ದೇಶದ ಮೀಟರ್‌ಗೇಜ್ ಮಾರ್ಗಗಳಲ್ಲಿ ಪ್ರಯಾಣಿಕರ ಗಾಡಿ ಎಳೆಯುತ್ತಿದ್ದ ವೈ.ಪಿ. ವರ್ಗದ ಎಂಜಿನ್ನಿನ ಚಾಲಕ ಚಕ್ರದ ವ್ಯಾಸ 1372 ಮಿ.ಮೀ. ಪರಿಧಿ ಸುಮಾರು 4.3 ಮೀಟರ್. ಹಾಗಾದರೆ ಒಂದು ಝುಕ್ಕಿಗೆ ಒಂದು ಮೀಟರಿಗಿಂತ ತುಸು ಹೆಚ್ಚು. ಗಾಡಿ ನಿಲ್ದಾಣದಿಂದ ಹೊರಟು ಗಂಟೆಗೆ 10 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಎರಡೂವರೆ ಝುಕ್ಕು, 30 ಕಿ.ಮೀ. ಆದರೆ ಏಳೆಂಟು. ಮಕ್ಕಳು ಡೆಸ್ಕು ಬಡಿದು ಎರಡೂವರೆಯನ್ನು ಹಿಡಿದರು, ಏಳೆಂಟನ್ನು ಹಿಡಿಯಲಾಗದೆ ನಕ್ಕರು. ಪಕ್ಕದ ತರಗತಿಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು. ವಿಷಯ ಹೇಳಿದ ಮೇಲೆ ಅವರೂ ಒಮ್ಮೆ ಎಣಿಸಿ ನೋಡಿ ಹೋದರು.

ದೋಷ ಪುಸ್ತಕ

ವೀಕ್ಷಣಾ ಪಾಠದ ದಿನ ಸಂಜೆ ಮೂರನೇ ಬೆಂಚಿನ ಆ ಹುಡುಗಿ ಇಬ್ಬರು ಗೆಳತಿಯರೊಂದಿಗೆ ಉಳಿದುಕೊಂಡಿದ್ದಳು. ಎಂಜಿನ್ನನ್ನು ಎಡ ಹಲಗೆಯ ಮೇಲಿಟ್ಟಳು, ಓಡಿತು. ಜೋಡಣೆ ದಾಟಿಸಿ ಬಲ ಹಲಗೆಯ ಮೇಲಿಟ್ಟಳು, ಅಲ್ಲೂ ಓಡಿತು. ಎರಡೂ ಹಲಗೆಗೆ ನಾನು ಬೇರೆ ಬೇರೆ ತಂತಿ ಕೊಟ್ಟಿದ್ದೆ. ಆದ್ದರಿಂದ ವಿದ್ಯುತ್ತು ಎರಡೂ ಕಡೆ ಇದೆ, ತೊಂದರೆ ಇರುವುದು ಜೋಡಣೆಯ ಬಳಿಯ ಚಿಕ್ಕ ತುಂಡಿನಲ್ಲಿ ಮಾತ್ರ ಎಂದು ಅವಳು ತೀರ್ಮಾನಿಸಿದಳು. ಬಸ್ಸಿನಲ್ಲಿ ಬರುವಾಗ ಆ ತುಂಡಿನ ತುದಿಯ ತಗಡಿನ ಕೂಡುಪಟ್ಟಿ ಬಾಗಿ ಮೇಲೆದ್ದಿತ್ತು. ಕೈವಾರದ ಮೊನೆಯಿಂದ ಅದನ್ನು ಒತ್ತಿ ಸರಿಮಾಡಿದಳು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಅದೇ ಐದು ನಿಮಿಷವನ್ನು ಬೆಳಿಗ್ಗೆ ತರಗತಿಗೆ ಕೊಟ್ಟಿದ್ದರೆ ನಲವತ್ತು ಮಕ್ಕಳು ನೋಡುತ್ತಿದ್ದರು.

ಮರುದಿನದಿಂದ ಒಂದು 100 ಪುಟದ ನೋಟ್‌ಬುಕ್ ಇಟ್ಟೆವು. ಹೆಸರು ದೋಷ ಪುಸ್ತಕ. ನಾಲ್ಕು ಕಲಂ: ಏನಾಯಿತು, ಯಾಕಿರಬಹುದು, ಹೇಗೆ ಪರೀಕ್ಷಿಸಿದೆವು, ಏನು ಮಾಡಿದೆವು. ಮಕ್ಕಳ ಬರಹದಲ್ಲೇ ಎರಡು ನಮೂದು ಕೊಡುತ್ತೇನೆ.

‘ಗಾಡಿ ತಡವರಿಸಿ ಹೋಗುತ್ತದೆ. ಹಳಿ ಕೊಳೆ ಆಗಿರಬಹುದು. ಬಿಳಿ ಬಟ್ಟೆಯಿಂದ ಒರೆಸಿದಾಗ ಬಟ್ಟೆ ಕಪ್ಪಾಯಿತು. ಸ್ಪಿರಿಟ್ ಹಚ್ಚಿ ಒರೆಸಿದೆವು. ಈಗ ಸರಾಗ.’

‘ಸೇತುವೆ ಹತ್ತುವಾಗ ಚಕ್ರ ತಿರುಗುತ್ತದೆ, ಗಾಡಿ ಹೋಗುವುದಿಲ್ಲ. ಏರು ಇರಬಹುದು. ಹಳಿ ನಡುವೆ ಗೋಲಿ ಇಟ್ಟೆವು, ಹಿಂದಕ್ಕೆ ಉರುಳಿತು. ಈ ಕಡೆ ಹಲಗೆ ಕೆಳಗೆ ರಟ್ಟು ಕೊಟ್ಟೆವು. ಎಂಜಿನ್ ಒಳಗೆ ಎರಡು ನಟ್ಟು ಇಟ್ಟೆವು. ಹತ್ತಿತು.’

ಊಹೆ, ಪರೀಕ್ಷೆ, ತೀರ್ಮಾನ. ‘ವೈಜ್ಞಾನಿಕ ವಿಧಾನದ ಹಂತಗಳು’ ಎಂದು ನಾವು ಪರೀಕ್ಷೆಗೆ ಬರೆಯುವುದನ್ನು ಆ ಮಕ್ಕಳು ಹೆಸರು ತಿಳಿಯದೆ ಮಾಡಿದ್ದರು. ಎರಡು ವಾರದಲ್ಲಿ 17 ನಮೂದುಗಳಾದವು.

ಗಾಡಿ ಓಡಿಸಲು ನಿಯಮ ಬೇಕಾಯಿತು. ಎಲ್ಲರಿಗೂ ನಿಯಂತ್ರಕದ ಗುಂಡಿಯೇ ಬೇಕು! ಉಗಿಬಂಡಿಯ ಕಾಲದ ಏಕಮಾರ್ಗದ ಟೋಕನ್ ಪದ್ಧತಿಯನ್ನು ತಂದೆ. ಎರಡು ನಿಲ್ದಾಣಗಳ ನಡುವೆ ಒಂದೇ ಹಳಿ ಇದ್ದಾಗ ಎದುರು ಬದುರು ಗಾಡಿ ಬರಬಾರದು. ಅದಕ್ಕಾಗಿ ಎರಡೂ ನಿಲ್ದಾಣಗಳಲ್ಲಿ ತಂತಿಯಿಂದ ಪರಸ್ಪರ ಜೋಡಿಸಿದ ಯಂತ್ರಗಳಿರುತ್ತಿದ್ದವು. ಒಂದು ಲೋಹದ ಚೆಂಡು ಹೊರಗೆ ಬಂದರೆ, ಅದು ಯಾವುದಾದರೊಂದು ಯಂತ್ರಕ್ಕೆ ಮರಳುವವರೆಗೆ ಎರಡನೆಯದು ಹೊರಬರದು. ಚೆಂಡು ಕೈಗೆ ಬಾರದೆ ಚಾಲಕ ಆ ಮಾರ್ಗಕ್ಕೆ ಹೋಗುವಂತಿಲ್ಲ. ನಮ್ಮಲ್ಲಿ ಚೆಂಡಿಗೆ ಪಿಂಗ್‌ಪಾಂಗ್ ಬಾಲು, ಯಂತ್ರಕ್ಕೆ ಎರಡು ಕಾಗದದ ಲೋಟ. ಬಾಲು ಇಲ್ಲದವರು ಗುಂಡಿ ಮುಟ್ಟುವಂತಿಲ್ಲ. ಇಬ್ಬರು ಸ್ಟೇಷನ್ ಮಾಸ್ಟರ್, ಒಬ್ಬ ಡ್ರೈವರ್, ಒಬ್ಬಳು ಪಾಯಿಂಟ್ಸ್ ನೋಡುವವಳು, ಒಬ್ಬ ಗೇಟಿನವನು, ಒಬ್ಬಳು ದೋಷ ಪುಸ್ತಕದವಳು. ದಿನವೂ ಪಾಳಿ ಬದಲು. ನಾನು ‘ಗಲಾಟೆ ಮಾಡಬೇಡಿ’ ಎನ್ನುವ ಅಗತ್ಯ ಬೀಳಲಿಲ್ಲ. ಆ ಕೆಲಸವನ್ನು ಚೆಂಡು ಮಾಡಿತು.

ಒಂದೇ ಹಲಗೆ, ಬೇರೆ ಬೇರೆ ಮೆಟ್ಟಿಲು

ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಅನುಭವದ ಶಂಕುವನ್ನು ನಾವೆಲ್ಲ ಚಿತ್ರ ಬರೆದು ಬಣ್ಣ ತುಂಬಿದ್ದೇವೆ. ಬುಡದಲ್ಲಿ ನೇರ ಅನುಭವ, ಅದರ ಮೇಲೆ ಮಾದರಿಗಳಂಥ ರಚಿತ ಅನುಭವ, ಆಮೇಲೆ ನಾಟಕೀಕರಣ, ಪ್ರಾತ್ಯಕ್ಷಿಕೆ, ಹೊರಸಂಚಾರ, ಪ್ರದರ್ಶನ, ಕೊನೆಗೆ ತುದಿಯಲ್ಲಿ ಶಾಬ್ದಿಕ ಸಂಕೇತ. (ಅದರ ಪಕ್ಕದಲ್ಲಿ ‘ಓದಿದ್ದರ ಶೇ. 10, ಮಾಡಿದ್ದರ ಶೇ. 90 ನೆನಪಿರುತ್ತದೆ’ ಎಂದು ನಾವು ಬರೆಯುವ ಅಂಕಿಗಳು ಡೇಲ್‌ರವಲ್ಲ. ಯಾರೋ ನಂತರ ಸೇರಿಸಿದ್ದು. ಅವನ್ನು ಬಿಟ್ಟುಬಿಡುವುದು ಒಳ್ಳೆಯದು.)

‘ಮಾದರಿ ಮಾಡಿದ್ದೇನೆ, ಆದ್ದರಿಂದ ನಾನು ಬುಡದ ಹತ್ತಿರ ಇದ್ದೇನೆ’ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಮೆಟ್ಟಿಲನ್ನು ವಸ್ತು ನಿರ್ಧರಿಸುವುದಿಲ್ಲ, ಯಾರ ಕೈಯಲ್ಲಿದೆ ಎಂಬುದು ನಿರ್ಧರಿಸುತ್ತದೆ. ಗಾಜಿನ ಹಿಂದೆ ಇಟ್ಟರೆ ನನ್ನ ರೈಲು ಪ್ರದರ್ಶನ. ನಾನೊಬ್ಬಳೇ ಓಡಿಸಿದರೆ ಪ್ರಾತ್ಯಕ್ಷಿಕೆ. ಮಕ್ಕಳು ಚೆಂಡು ಹಿಡಿದು ಪಾತ್ರ ವಹಿಸಿದರೆ ನಾಟಕೀಕರಣ. ಅವರೇ ಓಡಿಸಿ, ಕೆಡಿಸಿ, ಸರಿಮಾಡಿದಾಗ ಮಾತ್ರ ಅದು ರಚಿತ ಅನುಭವ. ಹಲಗೆ ಒಂದೇ, ಮೆಟ್ಟಿಲು ಬೇರೆ.

ಪುಣೆಯ ಕೊಥ್ರೂಡ್‌ನಲ್ಲಿ 1998ರಲ್ಲಿ ತೆರೆದ ಜೋಶಿಯವರ ಪುಟಾಣಿ ರೈಲುಗಳ ವಸ್ತುಸಂಗ್ರಹಾಲಯವಿದೆ. ಇಡೀ ಪುಟ್ಟ ನಗರದಲ್ಲಿ ಉಗಿಬಂಡಿಯೂ ಸೇರಿ ಬಗೆಬಗೆಯ ಗಾಡಿಗಳು ಓಡುತ್ತವೆ. ಪ್ರವಾಸ ಹೋದರೆ ಖಂಡಿತ ನೋಡಬೇಕು. ಮೈಸೂರಿನಲ್ಲಿ 1979ರಿಂದ ಇರುವ ರೈಲು ಸಂಗ್ರಹಾಲಯದಲ್ಲಿ ಮೀಟರ್‌ಗೇಜಿನ ನಿಜವಾದ ಉಗಿ ಎಂಜಿನ್ನುಗಳ ಪಕ್ಕ ನಿಂತು ಚಕ್ರದ ಎತ್ತರ ಅಳೆಯಬಹುದು. ಹುಬ್ಬಳ್ಳಿಯಲ್ಲೂ 2020ರಲ್ಲಿ ಒಂದು ಸಂಗ್ರಹಾಲಯ ಆಗಿದೆ, ಅದು ನಮಗೆ ಇನ್ನೂ ಹತ್ತಿರ. ಆದರೆ ಅಲ್ಲೆಲ್ಲ ನಾವು ನೋಡುವವರು. ಶಾಲೆ ವಸ್ತುಸಂಗ್ರಹಾಲಯ ಆಗಬಾರದು.

ದೂರದ ಒಂದು ಉದಾಹರಣೆಯೂ ನೆನಪಾಗುತ್ತದೆ. ಅಮೆರಿಕದ ಎಂ.ಐ.ಟಿ.ಯಲ್ಲಿ 1940ರ ದಶಕದಿಂದ ಒಂದು ಮಾದರಿ ರೈಲು ಸಂಘವಿದೆ. ಅದರ ಕೆಲವು ಸದಸ್ಯರಿಗೆ ಹಲಗೆಯ ಮೇಲಿನ ಬೆಟ್ಟಗುಡ್ಡ, ಬಣ್ಣ ಬಳಿದ ಡಬ್ಬಿಗಳಲ್ಲಿ ಆಸಕ್ತಿ. ಇನ್ನು ಕೆಲವರಿಗೆ ಹಲಗೆಯ ಕೆಳಗಿನ ತಂತಿ, ಟೆಲಿಫೋನ್ ರಿಲೇಗಳಲ್ಲಿ. ಈ ಕೆಳಗಿನವರಲ್ಲಿ ಹಲವರು ಮುಂದೆ ಕಂಪ್ಯೂಟರಿನ ಮೊದಲ ತಲೆಮಾರಿನ ಪಳಗಿದ ಕೈಗಳಾದರು. ಹ್ಯಾಕರ್ ಎಂಬ ಮಾತು ಕಂಪ್ಯೂಟರಿನ ಅರ್ಥದಲ್ಲಿ ಬಳಕೆಗೆ ಬಂದದ್ದೂ ಅವರ ನಡುವಿನಿಂದಲೇ. ನಮ್ಮ ತರಗತಿಯಲ್ಲೂ ಹಲಗೆಯ ಕೆಳಗೆ ತೂರಿಕೊಳ್ಳುವ ಮಕ್ಕಳಿದ್ದಾರೆ. ಅವರನ್ನು ನಾವು ‘ಕೂತ್ಕೊ’ ಎನ್ನುತ್ತೇವೆ.

ಆಕ್ಷೇಪಗಳಿವೆ

ನನ್ನ ಮಾತಿಗೆ ಆಕ್ಷೇಪಗಳು ಬಂದಿವೆ. ಅವನ್ನು ತಳ್ಳಿಹಾಕಲಾರೆ.

ಮೊದಲನೆಯದು ಸಮಯ. 40 ನಿಮಿಷದ ಅವಧಿ, ಮುಗಿಸಬೇಕಾದ ಘಟಕ. ನಿಜ. ನಾನು ಪ್ರತಿ ಪಾಠಕ್ಕೂ ರೈಲು ಓಡಿಸಿ ಎನ್ನುತ್ತಿಲ್ಲ. ನಮ್ಮ ಮಕ್ಕಳು ಹೆಚ್ಚಾಗಿ ಓಡಿಸಿದ್ದು ಊಟದ ವಿರಾಮದಲ್ಲಿ, ಶಾಲೆ ಬಿಟ್ಟ ಮೇಲೆ. ಆದರೆ ಒಂದು ಘಟಕಕ್ಕೆ ಒಂದು ಅವಧಿಯನ್ನಾದರೂ ಕೆಡುವುದಕ್ಕೆ ಮೀಸಲಿಡಬಹುದು.

ಎರಡನೆಯದು ಖರ್ಚು. ಎಚ್.ಒ. ಸೆಟ್ಟು ಎಲ್ಲರ ಅಟ್ಟದಲ್ಲಿ ಇರುವುದಿಲ್ಲ. ನನಗೆ ಅದು ಅದೃಷ್ಟದಿಂದ ಸಿಕ್ಕಿತು. ಆದರೆ ಸಂತೆಯಲ್ಲಿ ಸಿಗುವ ಬ್ಯಾಟರಿ ರೈಲಿಗೂ ಟೋಕನ್ ನಿಯಮ ನಡೆಯುತ್ತದೆ, ದೋಷ ಪುಸ್ತಕ ನಡೆಯುತ್ತದೆ, ಅನುಪಾತದ ಲೆಕ್ಕವಂತೂ ಇನ್ನೂ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅದರ ಅಳತೆ ಯಾವುದಕ್ಕೂ ಹೊಂದುವುದಿಲ್ಲ. ಸಿರಿಂಜು, ರಟ್ಟು, ಸೈಕಲ್ ಕಡ್ಡಿಗೆ ಖರ್ಚೇ ಇಲ್ಲ.

ಮೂರನೆಯದನ್ನು ಆ ಶಾಲೆಯ ಹಿರಿಯ ಶಿಕ್ಷಕರೊಬ್ಬರು ಪ್ರೀತಿಯಿಂದಲೇ ಹೇಳಿದರು: “ರೈಲು ಪರೀಕ್ಷೆಗೆ ಬರಲ್ಲಮ್ಮ.” ಬರುವುದಿಲ್ಲ. ಆದರೆ ಅನುಪಾತ ಬರುತ್ತದೆ, ಪರಿಧಿ ಬರುತ್ತದೆ, ಶಕ್ತಿಯ ಪರಿವರ್ತನೆ ಬರುತ್ತದೆ. ಘಟಕ ಪರೀಕ್ಷೆಯಲ್ಲಿ ಶಕ್ತಿ ಪರಿವರ್ತನೆಯ ಉದಾಹರಣೆಗೆ ಹೆಚ್ಚಿನವರು ಉಗಿ ಎಂಜಿನ್ನನ್ನೇ ಬರೆದರು. ಯಾರೂ ಕರೆಂಟು ಎಂದು ಬರೆಯಲಿಲ್ಲ. ಒಬ್ಬ ಮಾತ್ರ ‘ನಿಜದ ಎಂಜಿನ್‌ನಲ್ಲಿ’ ಎಂದು ಅಡಿಗೆರೆ ಎಳೆದು ಬರೆದಿದ್ದ.

ನನ್ನ ಕೋರಿಕೆ

ನಮ್ಮ ಮೌಲ್ಯಮಾಪನ ಪಟ್ಟಿಯಲ್ಲಿ ‘ಕಲಿಕೋಪಕರಣದ ತಯಾರಿ ಮತ್ತು ಬಳಕೆ’ ಎಂಬ ಒಂದು ಸಾಲಿದೆ. ಅದನ್ನು ಎರಡು ಮಾಡಿ ಎಂದು ಕೇಳುತ್ತೇನೆ. ಒಂದು ಸಾಲು ನಾವು ಮಾಡಿದ್ದಕ್ಕೆ, ಇನ್ನೊಂದು ಮಕ್ಕಳು ಅದರಿಂದ ಮಾಡಿದ್ದಕ್ಕೆ. ಉಪಕರಣ ಕೈಕೊಟ್ಟಾಗ ಪ್ರಶಿಕ್ಷಣಾರ್ಥಿ ಏನು ಮಾಡಿದರು ಎಂಬುದನ್ನೂ ವೀಕ್ಷಕರು ಬರೆಯಲಿ. ಪಾಠಯೋಜನೆಯ ಜೊತೆಗೆ ದೋಷ ಪುಸ್ತಕವನ್ನೂ ದಾಖಲೆಯಾಗಿ ಸ್ವೀಕರಿಸಲಿ. ನನ್ನ ವೀಕ್ಷಕರನ್ನು ನಾನು ದೂರುತ್ತಿಲ್ಲ. ಅವರ ಕೈಯಲ್ಲಿದ್ದ ಪಟ್ಟಿಯಲ್ಲಿ ಆ ಹುಡುಗಿಗೆ ಜಾಗವೇ ಇರಲಿಲ್ಲ. ಜಾಗ ಮಾಡಿಕೊಡಬೇಕಾಗಿದ್ದವಳು ನಾನು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ವೀಕ್ಷಣಾ ಪಾಠದ ದಿನ ನಿಮ್ಮ ಉಪಕರಣ ಕೆಟ್ಟರೆ ಬೆರಳಿನಿಂದ ನೂಕಬೇಡಿ. ತರಗತಿಯನ್ನು ಕೇಳಿ: ಯಾಕೆ ನಿಂತಿತು? ಐದು ನಿಮಿಷ ಹೋಗುತ್ತದೆ, ಒಂದೆರಡು ಅಂಕವೂ ಹೋಗಬಹುದು. ಆದರೆ ಕಲಿಸಬೇಕೆಂದು ಬಂದವರಿಗೆ ಅಂಥ ಐದು ನಿಮಿಷ ಸುಲಭಕ್ಕೆ ಸಿಗುವುದಿಲ್ಲ.

ಈಗ ಪ್ರಾಯೋಗಿಕ ಪರೀಕ್ಷೆ ಹತ್ತಿರ ಬಂದಿದೆ. ಪದ್ಧತಿಯಂತೆ ನಾನು ಮಾದರಿಯನ್ನು ತಂದು ವಿಭಾಗದ ಕಪಾಟಿಗೆ ಒಪ್ಪಿಸಬೇಕು. ಅಲ್ಲಿ ಹಿಂದಿನ ವರ್ಷಗಳ ಜ್ವಾಲಾಮುಖಿ, ಸೌರವ್ಯೂಹ, ಮಳೆನೀರು ಕೊಯ್ಲು ಎಲ್ಲವೂ ಧೂಳು ಹಿಡಿದು ಚೆನ್ನಾಗಿ ಕೂತಿವೆ. ಅವು ಎಂದೂ ಕೆಡುವುದಿಲ್ಲ. ನನ್ನ ರೈಲು ಹರಿಹರದ ಶಾಲೆಯಲ್ಲೇ ಇರಲಿ, ಪರೀಕ್ಷಕರು ಅಲ್ಲಿಗೇ ಬಂದು ನೋಡಲಿ, ಇಲ್ಲವೇ ಅದರ ಬದಲು ದೋಷ ಪುಸ್ತಕದ ಪ್ರತಿಯನ್ನು ಒಪ್ಪಿಸಲು ಬಿಡಲಿ ಎಂದು ಅರ್ಜಿ ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹೋದ ವಾರ ಶಾಲೆಗೆ ಹೋಗಿದ್ದೆ. ಪುಸ್ತಕದಲ್ಲಿ 23ನೇ ನಮೂದು ಇತ್ತು. ‘ಗೇಟು ಮುರಿಯಿತು. ಎಂಟನೇ ಕ್ಲಾಸಿನವರು ಮುಟ್ಟಿರಬಹುದು. ಕೇಳಿದೆವು, ಹೌದಂತೆ. ಅವರಿಗೂ ಪಾಳಿ ಕೊಟ್ಟೆವು.’